ಕುರ್ಚಿ ದಿಬ್ಬ

ಕ್ಯಾಲಿಫೋರ್ನಿಯಾದ ಒಳನಾಡಿನಲ್ಲಿ ಸಾನ್ ಎಲೀಸೆಯೊ ಎಂಬ ಸಣ್ಣ ಊರಿದೆ. ಊರಿನ ದಕ್ಷಿಣಕ್ಕೆ ಕಾಲುವೆ, ಕಾಲುವೆಯಾಚೆ ಕರಬೂಜದ ಹೊಲ, ಹೊಲ ಮುಗಿಯುವಲ್ಲಿ ಒಂದು ದಿಬ್ಬ. ಅದನ್ನು ಗುಡ್ಡವೆಂದು ಕರೆದರೆ ನಿಜವಾದ ಗುಡ್ಡಗಳು ಬೇಸರಪಟ್ಟುಕೊಂಡಾವು. ಐದು ನಿಮಿಷದಲ್ಲಿ ಹತ್ತಿಬಿಡಬಹುದು. ಮೇಲೆ ಒಣಹುಲ್ಲು, ಎರಡು ನೀಲಗಿರಿ ಮರ, ಸದಾ ಬೀಸುವ ಬಿಸಿಗಾಳಿ. ಮೆಕ್ಸಿಕೋ ಮೂಲದವರಾಗಿ ಅಮೆರಿಕದ ಮಣ್ಣಿನಲ್ಲಿ ತಲೆಮಾರುಗಳಿಂದ ದುಡಿದು ಬಂದ ಅಲ್ಲಿಯ ಚಿಕಾನೋ ಜನ ತಮ್ಮ ಸ್ಪ್ಯಾನಿಷ್ ನುಡಿಯಲ್ಲಿ ಇದನ್ನು ಕುರ್ಚಿ ದಿಬ್ಬ ಎನ್ನುತ್ತಾರೆ. ದಿಬ್ಬದ ಆಕಾರ ಕುರ್ಚಿಯಂತಿದೆ ಎಂದು ಪ್ರವಾಸಿ ಕೈಪಿಡಿಯೊಂದು ಬರೆದಿರುವುದು ಶುದ್ಧ ಸುಳ್ಳು. ಯಾವ ಕಡೆಯಿಂದ ನೋಡಿದರೂ ಅದು ಕವುಚಿ ಹಾಕಿದ ಬಾಣಲೆಯಂತೆಯೇ ಕಾಣುತ್ತದೆ. ಈ ಹೆಸರು ಹುಟ್ಟಿದ್ದು ಹೆದರಿಕೆಯಿಂದ. ಹಿರಿಯರು ಒಬ್ಬೊಬ್ಬರು ಒಂದೊಂದು ಬಗೆಯಾಗಿ ಕಥೆ ಹೇಳಿದರೂ ಹೆದರಿಕೆಯ ವಿಷಯದಲ್ಲಿ ಮಾತ್ರ ಎಲ್ಲರದೂ ಒಂದೇ ಮಾತು.

ಹಿಂದೆ ಒಮ್ಮೆ, ಸಾವಿರದ ಒಂಬೈನೂರ ಅರವತ್ತರ ದಶಕದಲ್ಲಿ, ದಿಬ್ಬದ ಬುಡದಲ್ಲಿ ಕೂಲಿಯವರ ನಲವತ್ತು ತಗಡಿನ ಮನೆಗಳಿದ್ದವು. ಹೊಲ ಕಂಪನಿಯದು, ಮನೆ ಕಂಪನಿಯದು, ನೀರಿನ ನಲ್ಲಿಯೂ ಕಂಪನಿಯದು. ಕೂಲಿಯವರ ಸ್ವಂತದ್ದೆಂದರೆ ಪಾತ್ರೆ, ಹಾಸಿಗೆ ಮತ್ತು ಮನೆಗೊಂದು ಕುರ್ಚಿ. ಹಿರಿಯರು ಅದರ ಮೇಲೆ ಕೂರುತ್ತಿದ್ದರು, ಉಳಿದವರು ಹಣ್ಣಿನ ಪೆಟ್ಟಿಗೆಗಳ ಮೇಲೆ. ಅಲ್ಲಿಗೆ ಕೂಲಿಯವರ ಸಂಘ ಕಟ್ಟಲು ನಗರದಿಂದ ಅನ್ಸೆಲ್ಮೊ ಎಂಬ ಸಂಘಟಕ ಬಂದ. ಹೊಲದಲ್ಲಿ ನೆರಳು, ಕುಡಿಯಲು ತಣ್ಣೀರು, ಹೆಂಗಸರಿಗೆ ಶೌಚಾಲಯ, ಇಷ್ಟನ್ನು ಎಲ್ಲರೂ ಸೇರಿ ಕೇಳೋಣ ಎಂದ. ಮನೆಗಳಲ್ಲಿ ಸಭೆ ನಿಷಿದ್ಧವಾದ್ದರಿಂದ ದಿಬ್ಬದ ಮೇಲೆ ಸೇರುವುದೆಂದಾಯಿತು. ಬರುವವರು ತಮ್ಮ ಕುರ್ಚಿ ತಾವೇ ಹೊತ್ತು ತರಬೇಕೆಂಬುದು ಅವನ ಕಟ್ಟಳೆ. ನಿಂತು ಕೇಳುವವನು ಅರ್ಧಕ್ಕೇ ಜಾರಿಕೊಳ್ಳುತ್ತಾನೆ, ಕುರ್ಚಿ ತಂದವನು ಕೊನೆಯವರೆಗೆ ಕೂರುತ್ತಾನೆ ಎಂಬ ಲೆಕ್ಕ. ಓಡಬೇಕಾಗಿ ಬಂದರೆ ಕುರ್ಚಿಯ ಗತಿಯೇನು ಎಂಬುದು ಆ ಜಾಣನಿಗೆ ಹೊಳೆದಿರಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಹನ್ನೊಂದು ಮನೆಯವರು ಸೇರಿದ್ದಾಗ ರಸ್ತೆಯಲ್ಲಿ ಪೊಲೀಸ್ ಗಾಡಿಯ ಧೂಳೆದ್ದಿತು. ಎಲ್ಲರೂ ಕುರ್ಚಿ ಬಿಟ್ಟು ದಿಬ್ಬದ ಹಿಂಬದಿಯಿಂದ ಇಳಿದು ಓಡಿದರು. ಅನ್ಸೆಲ್ಮೊ ಒಬ್ಬ ಸಿಕ್ಕಿಬಿದ್ದು ಸೆರೆಮನೆ ಸೇರಿದ. ಆದರೆ ಒಂದು ಹೆಸರನ್ನೂ ಹೇಳಲಿಲ್ಲ. ಕಂಪನಿಯ ಮೇಲ್ವಿಚಾರಕ ಡಡ್ಲಿ ಯಾರನ್ನೂ ಅಟ್ಟಿಸಿಕೊಂಡು ಹೋಗಲಿಲ್ಲ. ಹನ್ನೊಂದು ಕುರ್ಚಿಗಳನ್ನು ಸರಪಳಿಯಿಂದ ನೀಲಗಿರಿ ಮರಕ್ಕೆ ಬಿಗಿದು ಬೀಗ ಜಡಿದ. ಸೋಮವಾರ ಬೆಳಿಗ್ಗೆ ಹೊಲದಲ್ಲಿ ಎಲ್ಲರನ್ನೂ ನಿಲ್ಲಿಸಿ, “ನಾಳೆ ಸಂಜೆ ಮನೆ ಮನೆಗೂ ಬರ್ತೀನಿ. ಯಾರ ಮನೇಲಿ ಕುರ್ಚಿ ಇರಲ್ವೋ ಅವರು ಗಂಟುಮೂಟೆ ಕಟ್ಟಿಕೊಳ್ಳಿ. ವಲಸೆ ಇಲಾಖೆ ಗಾಡಿನೂ ನನ್ನ ಜೊತೆ ಬರುತ್ತೆ,” ಎಂದ.

ಆ ಉರಿಬಿಸಿಲಿನಲ್ಲಿ ನಿಂತು ಆ ಮಾತು ಕೇಳಿದವರಲ್ಲಿ ಎರ್ಮೀನಿಯಾ ಎಂಬಾಕೆಯೂ ಒಬ್ಬಳು. ಅವಳು ಹುಟ್ಟಿದ್ದು ಗಡಿಯ ಈಚೆ, ಗಂಡ ಫಿದೆನ್ಸಿಯೊ ಹುಟ್ಟಿದ್ದು ಗಡಿಯ ಆಚೆ. ಅವನ ಬಳಿ ಕಾಗದಪತ್ರವಿರಲಿಲ್ಲ. ಅವಳು ಆರು ತಿಂಗಳ ಬಸುರಿ. ಸರಪಳಿಯಲ್ಲಿದ್ದ ಒಂದು ಕುರ್ಚಿ ಅವಳದು, ತೊಗಲಿನ ಪಟ್ಟಿ ಹೆಣೆದು ಅವಳ ಅಪ್ಪ ಕೈಯಾರೆ ಮಾಡಿಕೊಟ್ಟದ್ದು. ಸಂಜೆ ಅವಳು ಪಕ್ಕದ ಮನೆಯ ವಿಧವೆ ಪ್ಲಾಸಿದಾಳ ಬಾಗಿಲು ತಟ್ಟಿದಳು. ಸಂಘದ ಹೆಸರೆತ್ತಿದರೆ ಮೂಗು ಮುರಿಯುವ ಹೆಂಗಸು ಪ್ಲಾಸಿದಾ. ಸಭೆಯ ಕಡೆ ತಲೆಹಾಕಿಯೂ ಮಲಗಿರಲಿಲ್ಲ.

“ಒಂದು ದಿನದ ಮಟ್ಟಿಗೆ ನಿಮ್ಮ ಕುರ್ಚಿ ಕೊಡಿ.”

“ಕೊಟ್ಟು ನನ್ನ ಮನೇಲಿ ಏನು ತೋರಿಸ್ಲಿ? ಹೋಗ್ಬೇಡ ಅಂತ ಬಡ್ಕೊಂಡೆ, ಕೇಳಿದ್ಯಾ?” ಎಂದು ಅವಳು ಬಾಗಿಲು ಹಾಕಿಕೊಂಡಳು.

ಅಂದು ಅವಳನ್ನು ಹಾಗೆ ಕೇಳಿದವರಲ್ಲಿ ಎರ್ಮೀನಿಯಾ ಮೂರನೆಯವಳು. ಹನ್ನೊಂದು ಮನೆಯವರಿಗೂ ಹೊಳೆದದ್ದು ಅದೊಂದೇ ಉಪಾಯ, ಎಲ್ಲರಿಗೂ ಸಿಕ್ಕಿದ್ದು ಮುಚ್ಚಿದ ಬಾಗಿಲು. ಬಾಗಿಲು ಹಾಕಿಕೊಂಡವರನ್ನು ಕಲ್ಲೆದೆಯವರೆನ್ನುವುದು ಸುಲಭ. ಅವರಿಗೂ ಮಕ್ಕಳಿದ್ದರು, ಅವರೂ ನಡುಗುತ್ತಿದ್ದರು. “ನಾನು ಕಾಲುವೆ ದಾಟಿ ಹೋಗಿಬಿಡ್ತೀನಿ, ನಿನ್ನನ್ನಾದ್ರೂ ಬಿಡ್ತಾರೆ,” ಎಂದ ಫಿದೆನ್ಸಿಯೊ. ಎರ್ಮೀನಿಯಾ ಅವನ ಅಂಗಿಯ ಚುಂಗನ್ನು ಹಿಡಿದವಳು ಬೆಳಗಿನವರೆಗೂ ಬಿಡಲಿಲ್ಲವಂತೆ.

ಮಂಗಳವಾರ ಬೆಳಿಗ್ಗೆ ಅವಳು ನಲ್ಲಿಯ ಬಳಿಗೆ ಬಂದಾಗ ಪ್ಲಾಸಿದಾ ತಲೆಯ ಮೇಲೆ ಕುರ್ಚಿ ಹೊತ್ತು ದಿಬ್ಬ ಹತ್ತುತ್ತಿದ್ದಳು. ಎರ್ಮೀನಿಯಾ ಓಡಿಹೋಗಿ ಇದೇನೆಂದು ಕೇಳಿದಳು. ಮುದುಕಿ ನಿಲ್ಲದೆ ಹತ್ತುತ್ತಲೇ ಹೇಳಿದಳು. “ಹನ್ನೊಂದು ಮನೇಲಿ ಕುರ್ಚಿ ಇಲ್ದಿದ್ರೆ ಹನ್ನೊಂದು ಮನೆ ಸಿಕ್ಕಿಬೀಳುತ್ತೆ. ಒಂದು ಮನೇಲೂ ಇಲ್ದಿದ್ರೆ ಆ ಮನುಷ್ಯ ಯಾರನ್ನ ಹಿಡೀತಾನೆ? ಹೋಗು, ಬಾಗಿಲು ತಟ್ಟು. ಕೊಡಿ ಅನ್ಬೇಡ, ಮೇಲೆ ತಂದಿಡಿ ಅನ್ನು.” ಎರ್ಮೀನಿಯಾ ಉಳಿದ ಇಪ್ಪತ್ತೆಂಟು ಬಾಗಿಲನ್ನೂ ತಟ್ಟಿದಳು. ಕೆಲವರು ಬೈದರು, ಕೆಲವರು ಶಿಲುಬೆಯ ಗುರುತು ಹಾಕಿಕೊಂಡು ಹೊರಟರು. ಹೊಲದ ಲಾರಿ ಬರುವ ಹೊತ್ತಿಗೆ ಹತ್ತೊಂಬತ್ತು ಕುರ್ಚಿ ಮೇಲೇರಿದ್ದವು. ಮಿಕ್ಕವರು ಇಡೀ ದಿನ ಯಾರ ಮುಖವನ್ನೂ ನೋಡದೆ ಕರಬೂಜ ಕಿತ್ತರು. ಕೆಲಸ ಬಿಟ್ಟು ಬಂದ ಮೇಲೆ ಅವರೂ ಒಬ್ಬೊಬ್ಬರಾಗಿ ಹತ್ತಿದರು.

ಸಂಜೆ ಡಡ್ಲಿ ಗಾಡಿ ಸಮೇತ ಬಂದ. ನಲವತ್ತು ಮನೆಗಳಲ್ಲೂ ಜನ ಪೆಟ್ಟಿಗೆಗಳ ಮೇಲೆ ಕೂತಿದ್ದರು. ಅವನ ಮುಖ ಕೆಂಪೇರಿತು. ಎಲ್ಲರನ್ನೂ ದಿಬ್ಬಕ್ಕೆ ಹತ್ತಿಸಿ, ಸರಪಳಿ ಬಿಚ್ಚಿ, ಮೊದಲು ಕೈಗೆ ಸಿಕ್ಕ ತೊಗಲಿನ ಕುರ್ಚಿಯನ್ನು ಎತ್ತಿ ಹಿಡಿದು, “ಇದು ಯಾರದು?” ಎಂದ. ಯಾರದೆಂದು ಅಲ್ಲಿದ್ದ ಮಕ್ಕಳಿಗೂ ಗೊತ್ತಿತ್ತು. ಎರ್ಮೀನಿಯಾ ತನ್ನ ಕಾಲ್ಬೆರಳುಗಳನ್ನೇ ನೋಡುತ್ತ ನಿಂತಳು. ಅವನು ಅದನ್ನು ಮರಕ್ಕೆ ಬಡಿದು ಮುರಿದ. ಫಿದೆನ್ಸಿಯೊ ಮುಂದಕ್ಕೆ ಹೆಜ್ಜೆಯಿಟ್ಟಾಗ ಪ್ಲಾಸಿದಾ ಅವನ ಮಣಿಕಟ್ಟನ್ನು ಉಗುರು ನಾಟುವಂತೆ ಹಿಡಿದಳು. ಹನ್ನೊಂದು ಸಲ ಕೇಳಿದ, ಹನ್ನೊಂದು ಕುರ್ಚಿ ಮುರಿದ, ಒಬ್ಬರೂ ಬಾಯಿಬಿಡಲಿಲ್ಲ. ಹಣ್ಣು ಮೂರು ದಿನದಲ್ಲಿ ಕೊಳೆಯುವಂತಿತ್ತು. ನಲವತ್ತು ಮನೆಯವರನ್ನೂ ಓಡಿಸಿದರೆ ಕೀಳುವವರಾರು? ಗಾಡಿ ಖಾಲಿಯಾಗಿಯೇ ಹಿಂತಿರುಗಿತು. ಆಗ ಎರ್ಮೀನಿಯಾ ಗಟ್ಟಿಯಾಗಿ ನಕ್ಕಳು ಎಂದು ಕೆಲವರು ಹೇಳುತ್ತಾರೆ, ನಾನು ನಂಬುವುದಿಲ್ಲ. ಪ್ಲಾಸಿದಾ ಮರದ ಹಿಂದೆ ಹೋಗಿ ವಾಂತಿ ಮಾಡಿದಳು ಎನ್ನುತ್ತಾರೆ, ಅದನ್ನು ನಂಬುತ್ತೇನೆ.

ಹೊಲಕ್ಕೆ ನೆರಳೂ ನೀರೂ ಬರಲು ಇನ್ನೆರಡು ವರ್ಷ ಹೋರಾಡಬೇಕಾಯಿತು. ಇಂದಿಗೂ ಕರಬೂಜದ ಸುಗ್ಗಿಯ ಒಂದು ಮಂಗಳವಾರ ಊರಿನವರು ಮನೆಗೊಂದರಂತೆ ಕುರ್ಚಿ ಹೊತ್ತು ತಂದು ದಿಬ್ಬದ ಮೇಲಿಡುತ್ತಾರೆ. ಪ್ಲಾಸ್ಟಿಕ್ಕಿನವು, ಕಚೇರಿಯ ಚಕ್ರದವು, ಕೈ ಮುರಿದ ಸೋಫಾ ಕೂಡ. ಹೊರಗಿನಿಂದ ಬಂದವರು ತಿಳಿಯದೆ ಕೂತು ಹಣ್ಣು ತಿನ್ನುತ್ತಾರೆ, ಯಾರೂ ಏಳಿಸುವುದಿಲ್ಲ. ನಾನು ಹೋದಾಗ ನನಗೂ ಒಂದು ಒಳ್ಳೆಯ ಕುರ್ಚಿ ಸಿಕ್ಕಿತು. ಸೌಜನ್ಯಕ್ಕೆಂದು ಪಕ್ಕದಲ್ಲಿದ್ದ ಮುದುಕಿಯನ್ನು ಇದು ಯಾರದಮ್ಮಾ ಎಂದು ಕೇಳಿಬಿಟ್ಟೆ. ಅವಳು ತಲೆಯೆತ್ತಿ, ಗಾಡಿಯ ಧೂಳೇನಾದರೂ ಎದ್ದಿದೆಯೇ ಎಂಬಂತೆ ರಸ್ತೆಯ ಕಡೆ ನೋಡಿದಳು.