ಒಂದು ತಿಂಗಳು ನೋಡಿ, ಮೆಚ್ಚಿದರೆ ಇಟ್ಟುಕೊಳ್ಳಿ

ಕಂಪ್ಯೂಟರಿಗೆ ಇನ್ನೂ ದಪ್ಪ ಬೆನ್ನಿದ್ದ ಕಾಲ. ಬೀರೂರು ಅಂತ ಒಂದು ಊರು, ಆ ಊರಲ್ಲಿ ಚನ್ನಾಜಮ್ಮ ಅಂತ ಒಬ್ಬ ತಾಯಿ, ಆ ತಾಯಿಗೆ ಒಬ್ಬನೇ ಮಗ. ಮಗನಿಗೆ ಮನೆದೇವರ ಹೆಸರು, ಮರುಳಸಿದ್ದ. ಊರಿನವರು ಸಿದ್ದನನ್ನು ದೇವರಿಗೇ ಬಿಟ್ಟು, ಮರುಳ ಅಂತಲೇ ಕರೆಯುತ್ತಿದ್ದರು. ಹಾಗೆ ಕರೆದರೂ ಅವನು ಓ ಅನ್ನುತ್ತಿದ್ದ.

ಹುಡುಗ ಕೆಟ್ಟವನಲ್ಲ, ಸೋಮಾರಿಯಲ್ಲ. ಹೇಳಿದ್ದನ್ನು ಮಾಡುತ್ತಿದ್ದ, ಹೇಳಿದ್ದನ್ನೇ ಮಾಡುತ್ತಿದ್ದ, ಹೇಳಿದಷ್ಟೇ ಮಾಡುತ್ತಿದ್ದ. ತೊಂದರೆ ಇದ್ದದ್ದೇ ಅಲ್ಲಿ. ಹಾಲು ಉಕ್ಕಿದರೆ ಕರಿ ಅಂದರೆ, ಪೂರ್ತಿ ಉಕ್ಕಿ ಒಲೆ ಆರುವ ತನಕ ಕಾದು, ಆಮೇಲೆ ಕರೆಯುತ್ತಿದ್ದ.

ಚನ್ನಾಜಮ್ಮನ ಕಸುಬು ಗಂಡು ಹೆಣ್ಣಿಗೆ ಸಂಬಂಧ ಕೂಡಿಸುವುದು. ಸುತ್ತಲ ಸೀಮೆಯಲ್ಲಿ ಅವಳು ಮಾಡಿಸಿದ ಮದುವೆಗಳಿಗೆ ಲೆಕ್ಕವಿಲ್ಲ. ಆದರೆ ಅವಳ ಮಗನಿಗೆ ಹೆಣ್ಣು ಕೊಡುವವರು ಮಾತ್ರ ಒಬ್ಬರೂ ಇಲ್ಲ. ಹೋದಲ್ಲೆಲ್ಲ ಹೆಂಗಸರು ಸೆರಗು ಬಾಯಿಗಿಟ್ಟು, “ಮೊದಲು ನಿಮ್ಮ ಮನೇದು ಮುಗಿಸ್ರಮ್ಮ” ಅನ್ನುತ್ತಿದ್ದರು. ಆ ಮಾತು ಅವಳ ಎದೆಗೆ ನಾಟುತ್ತಿತ್ತು. ತಾನು ಕಣ್ಣು ಮುಚ್ಚುವ ಮೊದಲು ಈ ಮರುಳನ ಕೈಯನ್ನು ಒಬ್ಬಳ ಕೈಯಲ್ಲಿ ಇಡಬೇಕು, ಇಷ್ಟೇ ಅವಳ ಆಸೆ.

ಅದರ ಮೇಲೆ ವಯಸ್ಸಾಗಿ ಮರೆವು ಬೇರೆ. ವಿಳಾಸಗಳೆಲ್ಲ ಒಂದು ತಗಡಿನ ಡಬ್ಬಿಯಲ್ಲಿ ಚೀಟಿ, ಕಾರ್ಡು, ಲಗ್ನಪತ್ರಿಕೆಗಳಾಗಿ ತುಂಬಿಕೊಂಡಿದ್ದವು. ಬೇಕಾದ್ದು ಬೇಕಾದಾಗ ಕೈಗೆ ಸಿಗದು. ಒಂದು ಸಲ ಅರಸೀಕೆರೆಯ ಗಂಡಿನವರನ್ನು ಹೆಣ್ಣೇ ಇಲ್ಲದ ಮನೆಗೆ ಕಳಿಸಿಬಿಟ್ಟಳು. ಅವರು ಉಪ್ಪಿಟ್ಟು ತಿಂದು, ಕಾಫಿ ಕುಡಿದು, ಇನ್ನು ಹುಡುಗಿಯನ್ನು ಕರೆಸಿ ಅಂದಾಗ ಆ ಮನೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರಂತೆ.

ಅದನ್ನು ಕೇಳಿ ಟೈಪಿಂಗ್ ಶಾಲೆಯ ಆರಾಧ್ಯ ಮೇಷ್ಟ್ರು ಬಂದರು. ಅವರ ತಂಗಿಗೆ ಒಳ್ಳೆಯ ಮನೆ ತೋರಿಸಿದವಳು ಚನ್ನಾಜಮ್ಮನೇ. ಆ ಉಪಕಾರಕ್ಕೆ ಶಾಲೆಯ ಒಂದು ಹಳೇ ಕಂಪ್ಯೂಟರನ್ನೂ ಮೂರು ಫ್ಲಾಪಿಗಳನ್ನೂ ತಂದುಕೊಟ್ಟರು.

“ಇದರಲ್ಲಿ ವಿಳಾಸ ಬರೆದಿಡೋ ಪ್ರೋಗ್ರಾಮ್ ಇದೆ ಚನ್ನಾಜಮ್ಮ. ಶೇರ್‌ವೇರ್ ಅಂತಾರೆ. ಯಾರೋ ಪುಣ್ಯಾತ್ಮ ಮಾಡಿ ಊರಿಗೆಲ್ಲ ಹಂಚಿದಾನೆ. ತೆರೆದಾಗೆಲ್ಲ ಅವನ ಮಾತು ಇಂಗ್ಲಿಷಿನಲ್ಲಿ ಬರುತ್ತೆ. ಅದರ ಅರ್ಥ ಹೇಳ್ತೀನಿ ಕೇಳೋ ಮರುಳ: ಒಂದು ತಿಂಗಳು ಬಳಸಿ ನೋಡಿ. ಮೆಚ್ಚಿದರೆ ಇಟ್ಟುಕೊಳ್ಳಿ, ನನಗೊಂದು ಕಾರ್ಡು ಬರೆಯಿರಿ. ಮೆಚ್ಚದಿದ್ದರೆ ತೆಗೆದುಹಾಕಿ. ನಿಮ್ಮ ಸ್ನೇಹಿತರಿಗೂ ಕೊಡಿ. ಮೆಚ್ಚಿದೀವಿ ಅಂತ ತಿಳಿಸದೇ ಇದ್ರೆ ತಿಂಗಳಾದ ಮೇಲೆ ತಾನಾಗೇ ನಿಂತುಹೋಗುತ್ತೆ.”

ಮರುಳ ಅದನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿದ.

“ಈಗ ಒಂದನೇ ಫ್ಲಾಪಿ ಹಾಕು. ಅದು ಕೇಳಿದಾಗ ಎರಡನೇದು ಹಾಕು, ಆಮೇಲೆ ಮೂರನೇದು” ಅಂತ ಹೇಳಿ ಮೇಷ್ಟ್ರು ಪಾಠಕ್ಕೆ ಹೋದರು.

ಮರುಳ ಒಂದನೆಯದು ಹಾಕಿದ. ಕಂಪ್ಯೂಟರು ಎರಡನೆಯದನ್ನು ಕೇಳಿತು. ಮೊದಲನೆಯದು ಒಳಗೇ ಇರುವಾಗ ಅದರ ಮೇಲೆ ಎರಡನೆಯದನ್ನು ತುರುಕಿದ. ಮೂರನೆಯದು ಹೋಗಲಿಲ್ಲ. ಅಡುಗೆಮನೆಯಿಂದ ಲಟ್ಟಣಿಗೆ ತಂದು ನೂಕಿದ. ಸಂಜೆ ಮೇಷ್ಟ್ರು ಇಕ್ಕಳ ಹಿಡಿದು, ಹಲ್ಲು ಕೀಳುವ ಹಾಗೆ ಒಂದೊಂದನ್ನೇ ಕಿತ್ತರು.

“ಅಲ್ಲ ಕಣೋ, ಹೊಸದು ಹಾಕೋ ಮುಂಚೆ ಹಳೇದು ತೆಗೀಬೇಕು ಅನ್ನೋದು ಗೊತ್ತಾಗಲ್ವೇನೋ?”

“ಗೊತ್ತಾಯ್ತು ಮೇಷ್ಟ್ರೇ. ಹೊಸದು ಹಾಕೋ ಮುಂಚೆ ಹಳೇದು ತೆಗೀಬೇಕು.”

ಮೇಷ್ಟ್ರೇ ಬೇರೆ ಫ್ಲಾಪಿ ತಂದು ಹಾಕಿಕೊಟ್ಟರು. ಯಜಮಾನರ ಹೆಸರೇನು ಅಂತ ಪ್ರೋಗ್ರಾಮ್ ಕೇಳಿತು. ಮರುಳಸಿದ್ದ, ಬೀರೂರು ಅಂತ ಅವನ ಹೆಸರೇ ಹೋಯಿತು.

ಮಾರನೆಯ ದಿನ ತಾಯಿ ಡಬ್ಬಿ ತೆರೆದು ಕೂತು ಒಂದೊಂದೇ ವಿಳಾಸ ಹೇಳಿದಳು. ಮಗ ಒಂದೊಂದೇ ಅಕ್ಷರ ಹುಡುಕಿ ಒತ್ತಿದ. ಹೇಳಿ ಹೇಳಿ ಅವಳ ಗಂಟಲು ಒಣಗಿತು. ಸಂಜೆ ಮೇಷ್ಟ್ರು ನೋಡಿದರೆ ಒಳಗಿದ್ದದ್ದು ಯಜಮಾನನನ್ನು ಬಿಟ್ಟರೆ ಒಂದೇ ಹೆಸರು.

“ಉಳಿದದ್ದೆಲ್ಲ ಎಲ್ಲೋ?”

“ತೆಗೆದೆ. ಹೊಸದು ಹಾಕೋ ಮುಂಚೆ ಹಳೇದು ತೆಗೀಬೇಕಲ್ಲ?”

ಚನ್ನಾಜಮ್ಮ ಹಣೆ ಚಚ್ಚಿಕೊಂಡಳು. “ಅಯ್ಯೋ ನನ್ನ ಕರ್ಮವೇ, ಒಂದು ಸಲ ಒಳಗೆ ಹಾಕಿದ್ದನ್ನ ತೆಗೀಬಾರದು ಕಣೋ.”

“ಆಯ್ತವ್ವ. ಒಂದು ಸಲ ಒಳಗೆ ಹಾಕಿದ್ದನ್ನ ತೆಗೀಬಾರದು.”

ಮತ್ತೆ ಡಬ್ಬಿ, ಮತ್ತೆ ಗಂಟಲು, ಮತ್ತೆ ಒಂದೊಂದೇ ಅಕ್ಷರ. ಈ ಸಲ ಮೇಷ್ಟ್ರದೂ ತಾಯಿಯದೂ ಸೇರಿ ಎಲ್ಲ ಹೆಸರೂ ಒಳಗೆ ಕೂತವು. ಚನ್ನಾಜಮ್ಮನಿಗೆ ಜೀವ ಬಂದಂತಾಯಿತು. ಒಂದು ದಿನ ಸಖರಾಯಪಟ್ಟಣದ ಹುಡುಗಿಗೆ ಮದುವೆಯಾದ ಸುದ್ದಿ ಬಂತು. “ಅವಳದನ್ನ ತೆಗೆದುಬಿಡೋ” ಅಂದು ಅಂಗಳ ಗುಡಿಸಲು ಹೋದಳು, ಹೋದವಳು ಅದನ್ನು ಮರೆತೂಬಿಟ್ಟಳು. ಮರುಳ ಮರೆಯಲಿಲ್ಲ. ಒಳಗೆ ಹಾಕಿದ್ದನ್ನು ತೆಗೆಯಬಾರದು ಅಂತ ಅವಳೇ ಹೇಳಿದ್ದಳಲ್ಲ, ತೆಗೆಯಲಿಲ್ಲ.

ಆ ವಾರವೇ ತರೀಕೆರೆಯ ಗಂಡಿನವರು ಬಂದು ಸಂಬಂಧ ಕೇಳಿದರು. ಕಂಪ್ಯೂಟರು ಸಖರಾಯಪಟ್ಟಣ ಅಂತು. ಹೂವು ಹಣ್ಣು ಹಿಡಿದು ಹೋದವರಿಗೆ ಬಾಗಿಲು ತೆಗೆದದ್ದು ಮಾವನ ಮನೆಗೆ ಬಂದಿದ್ದ ಹುಡುಗಿಯ ಹೊಸ ಗಂಡ. ಅವರು ವಾಪಸ್ ಬಂದು ಚನ್ನಾಜಮ್ಮನ ಮನೆಮುಂದೆ ಕೂಗಾಡಿದ್ದನ್ನು ಇಡೀ ಬೀದಿ ಕೇಳಿತು.

“ಮದುವೆಯಾದೋರು ಒಬ್ಬರೂ ಅದರೊಳಗೆ ಇರಕೂಡದು ಕಣೋ ಮುಠ್ಠಾಳ!” ಅಂದಳು ತಾಯಿ. “ಎಲ್ಲಾ ತೆಗೆದುಹಾಕು.”

“ಆಯ್ತವ್ವ. ಮದುವೆಯಾದೋರು ಒಬ್ಬರೂ ಇರಕೂಡದು.”

ಈಗ ಒಂದು ವಿಷಯ ಹೇಳಬೇಕು. ನಮ್ಮ ಕಡೆ ಹುಡುಗಿಯ ಹೆಸರಲ್ಲಿ ಯಾರು ವಿಳಾಸ ಕೊಡುತ್ತಾರೆ? ಹುಡುಗನ ಹೆಸರಲ್ಲೂ ಇಲ್ಲ. ಎಲ್ಲ ಅಪ್ಪಂದಿರ ಹೆಸರಲ್ಲೇ. ಅಪ್ಪಂದಿರೆಲ್ಲ ಮದುವೆಯಾದವರು. ಮರುಳ ಬೆವರು ಒರೆಸಿಕೊಂಡು ಒಬ್ಬೊಬ್ಬ ಅಪ್ಪನನ್ನೂ ತೆಗೆದ. ಆರಾಧ್ಯ ಮೇಷ್ಟ್ರಿಗೆ ಮದುವೆಯಾಗಿತ್ತು, ಅವರನ್ನೂ ತೆಗೆದ. “ನಿನ್ನ ಹೆಸರೂ ತೆಗೆದೆ ಕಣವ್ವ, ನಿಂಗೂ ಮದುವೆ ಆಗಿತ್ತಲ್ಲ” ಅಂದ.

ಚನ್ನಾಜಮ್ಮ ಗೋಳೋ ಅಂತ ಅತ್ತಳು. ಮೇಷ್ಟ್ರಿಗೆ ಸಿಟ್ಟು ನೆತ್ತಿಗೇರಿತು. “ಇನ್ನು ಮೇಲೆ ನಿನ್ನ ಸ್ವಂತ ಬುದ್ಧಿ ಓಡಿಸಬೇಡ. ಯಾರೇನು ಕೇಳಿದರೂ ಆ ಪ್ರೋಗ್ರಾಮ್ ಹೇಳಿದಷ್ಟು ಹೇಳು, ಅದು ಮಾಡಿದಷ್ಟು ಮಾಡು!”

“ಆಯ್ತು ಮೇಷ್ಟ್ರೇ.”

“ಒಬ್ಬರೂ ಉಳಿದಿಲ್ವೇನೋ?” ಅಂತ ಕಣ್ಣೊರೆಸಿಕೊಂಡು ಕೇಳಿದಳು ತಾಯಿ.

“ಇಬ್ಬರು ಉಳಿದವ್ರೆ” ಅಂತ ಮರುಳ ಓದಿದ. “ಮರುಳಸಿದ್ದ, ಬೀರೂರು. ದಾಕ್ಷಾಯಣಿ, ಹಿಟ್ಟಿನ ಗಿರಣಿ, ಬಾಣಾವರ.”

ಅಳುತ್ತಿದ್ದವಳು ಆ ಎರಡು ಹೆಸರನ್ನೂ ಇನ್ನೊಂದು ಸಲ ಓದಿಸಿದಳು. ಈ ದಾಕ್ಷಾಯಣಿ ಅಪ್ಪ ಅಮ್ಮ ಇಲ್ಲದವಳು, ಅಜ್ಜಿಯ ಜೊತೆಗಿದ್ದುಕೊಂಡು ಅಪ್ಪನ ಗಿರಣಿ ತಾನೇ ನಡೆಸುತ್ತಿದ್ದವಳು. ತನ್ನ ವಿಳಾಸವನ್ನು ತನ್ನ ಹೆಸರಲ್ಲೇ ಕೊಟ್ಟಿದ್ದಳು. ನೋಡಲು ಬಂದ ಗಂಡುಗಳನ್ನೆಲ್ಲ ವಾಪಸ್ ಕಳಿಸಿದ್ದಳು. ಚನ್ನಾಜಮ್ಮ ಎಷ್ಟೋ ಗಂಡುಗಳಿಗೆ ಆ ಮನೆ ತೋರಿಸಿದ್ದಳು, ಆದರೆ ಆ ಹೆಸರಿನ ಪಕ್ಕ ತನ್ನ ಮಗನ ಹೆಸರನ್ನು ಒಂದು ದಿನವೂ ಇಟ್ಟು ನೋಡಿರಲಿಲ್ಲ.

“ಏಳೋ, ಒಗೆದ ಅಂಗಿ ಹಾಕ್ಕೊ” ಅಂದಳು.

ಬಾಣಾವರದಲ್ಲಿ ದಾಕ್ಷಾಯಣಿ ಹಿಟ್ಟಾದ ಕೈ ಒರೆಸಿಕೊಂಡು ಬಂದು ಎದುರಿಗೇ ಕೂತಳು. ಬಂದ ಗಂಡುಗಳೆಲ್ಲ ಹೇಳಿದ ಮಾತು ಅವಳಿಗೆ ಬೇಸರ ಬರುವಷ್ಟು ಗೊತ್ತಿತ್ತು: ಗಿರಣಿ ಮುಚ್ಚಬೇಕು, ಯಂತ್ರ ಮಾರಬೇಕು, ಹೇಳಿದ ಹಾಗೆ ಕೇಳಬೇಕು. ಅವಳು ನೇರವಾಗಿ ಕೇಳಿದಳು. “ನಿಮ್ಮ ಷರತ್ತು ಏನಿದೆಯೋ ಹೇಳಿಬಿಡಿ.”

ಪ್ರೋಗ್ರಾಮ್ ಹೇಳಿದಷ್ಟೇ ಹೇಳಬೇಕು. ಮರುಳ ಎದ್ದುನಿಂತು ಕೈಕಟ್ಟಿದ.

“ಒಂದು ತಿಂಗಳು ಬಳಸಿ ನೋಡಿ. ಮೆಚ್ಚಿದರೆ ಇಟ್ಟುಕೊಳ್ಳಿ, ನನಗೊಂದು ಕಾರ್ಡು ಬರೆಯಿರಿ. ಮೆಚ್ಚದಿದ್ದರೆ ತೆಗೆದುಹಾಕಿ. ನಿಮ್ಮ ಸ್ನೇಹಿತರಿಗೂ ಕೊಡಿ.”

ಚನ್ನಾಜಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಇಲ್ಲಿಗೆ ಮುಗಿಯಿತು, ಇನ್ನು ಬಸ್‌ಸ್ಟ್ಯಾಂಡೇ ಗತಿ ಅಂದುಕೊಂಡಳು. ಅಜ್ಜಿಯ ಕೈಯಲ್ಲಿದ್ದ ಕಾಫಿ ಲೋಟ ಅಲ್ಲೇ ನಿಂತಿತು.

ದಾಕ್ಷಾಯಣಿ ಮೊದಲು ನಕ್ಕಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ನಗು ನಿಲ್ಲಿಸಿ ಅವನನ್ನೇ ನೋಡಿದಳು. “ಅಜ್ಜಿ, ಇಷ್ಟು ಜನ ಬಂದು ನನ್ನನ್ನ ಒಪ್ಪೋ ಮಾತಾಡಿದರು. ನೀನು ಒಪ್ತೀಯಾ ಅಂತ ಕೇಳಿದೋರು ಇವರೊಬ್ಬರೇ. ನನಗೆ ಈ ಗಂಡು ಆಗಬಹುದು. ಆದರೆ ಚನ್ನಾಜಮ್ಮನೋರೇ, ನಾನು ಗಿರಣಿ ಬಿಟ್ಟು ಬರಲ್ಲ.”

“ನೀನು ಯಾಕೆ ಬರ್ತೀಯವ್ವ? ನಾವೇ ಬರ್ತೀವಿ” ಅಂದಳು ಚನ್ನಾಜಮ್ಮ.

ಮದುವೆಗೆ ಎರಡೂ ಊರು ಸೇರಿದವು. ಮೊದಲು ನಿಮ್ಮ ಮನೇದು ಮುಗಿಸಿ ಅಂದಿದ್ದ ಹೆಂಗಸರನ್ನೆಲ್ಲ ಚನ್ನಾಜಮ್ಮ ಹುಡುಕಿ ಹುಡುಕಿ ಕರೆದು, ಮುಂದಿನ ಸಾಲಿನಲ್ಲಿ ಕೂರಿಸಿ, ತಾನೇ ಹೋಳಿಗೆಗೆ ತುಪ್ಪ ಬಡಿಸಿದಳು. ಕಂಪ್ಯೂಟರು ಲಗೇಜ್ ಆಟೋದಲ್ಲಿ ಬಾಣಾವರ ಸೇರಿತು. ತಿಂಗಳಿಗೆ ಪ್ರೋಗ್ರಾಮ್ ನಿಂತುಹೋಗದ ಹಾಗೆ ಸೊಸೆ ಅದನ್ನು ಮಾಡಿದವನಿಗೆ ಕಾರ್ಡು ಬರೆದು, ಡಬ್ಬಿಯ ವಿಳಾಸಗಳನ್ನೆಲ್ಲ ಮತ್ತೆ ಒಳಗೆ ಹಾಕಿದಳು, ಹುಡುಗಿಯರನ್ನು ಅವರವರ ಹೆಸರಲ್ಲೇ ಹಾಕಿದಳು. ಮರುಳ ಗಿರಣಿಯಲ್ಲಿ ನಿಂತ. ನುಣ್ಣಗೆ ಬೀಸಿ ಅಂದರೆ ನುಣ್ಣಗೆ, ತರಿ ಅಂದರೆ ತರಿ, ಹೇಳಿದ್ದಕ್ಕಿಂತ ಒಂದು ಚೂರು ಆಚೆ ಈಚೆ ಇಲ್ಲ. ಗಿರಾಕಿಗಳು ಆಚೆ ಊರುಗಳಿಂದಲೂ ಬರತೊಡಗಿದರು.

ಹೀಗೆ ಒಂದು ತಿಂಗಳಾಯಿತು. ಮಾರನೆಯ ಬೆಳಿಗ್ಗೆ ಗಿರಣಿ ಮುಂದೆ ಜನ ಚೀಲ ಹಿಡಿದು ನಿಂತಿದ್ದಾರೆ, ಮರುಳ ಏಳಲೊಲ್ಲ. ಬೆಂಚಿನ ಮೇಲೆ ನೆಟ್ಟಗೆ ಮಲಗಿ ಕಣ್ಣು ಮುಚ್ಚಿದ್ದಾನೆ. ಕರೆದರೆ ಓ ಅನ್ನಲ್ಲ. ನೀರು ಚಿಮುಕಿಸಿದರೂ ಅಲುಗಲ್ಲ. ಚನ್ನಾಜಮ್ಮ ಮಗನ ಎದೆ ಮುಟ್ಟಿ ನೋಡಿ, ಇಷ್ಟೆಲ್ಲ ಮಾಡಿ ಕೊನೆಗೆ ಇದೇನು ಬಂತಪ್ಪ ಅಂತ ಅಳತೊಡಗಿದಳು.

ದಾಕ್ಷಾಯಣಿ ಗೋಡೆಯ ಕ್ಯಾಲೆಂಡರ್ ನೋಡಿದಳು, ಗಂಡನನ್ನು ನೋಡಿದಳು. ಬೆಂಚಿನ ಪಕ್ಕ ಕೂತು, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. “ಮೆಚ್ಚಿದೀನಿ. ಇಟ್ಕೊಂಡಿದೀನಿ.”

ಮರುಳ ಒಂದು ಕಣ್ಣು ತೆರೆದ. “ಕಾರ್ಡು?”

ಅವಳು ಒಂದು ಕಾರ್ಡು ತರಿಸಿ, ಅವನೆದುರಿಗೇ ಬರೆದು, ಅವನ ಎದೆಯ ಮೇಲೆ ಇಟ್ಟಳು.

ಮರುಳ ಇನ್ನೊಂದು ಕಣ್ಣನ್ನೂ ತೆರೆದ. “ಸ್ನೇಹಿತರಿಗೆ?”

“ಯಾರಿಗೂ ಕೊಡಲ್ಲ” ಅಂದಳು ದಾಕ್ಷಾಯಣಿ.

ಮರುಳ ಎದ್ದು ಅಂಗಿ ಕೊಡವಿಕೊಂಡು, ಗಿರಣಿಯ ಸ್ವಿಚ್ಚು ಹಾಕಿದ.