ಗೂಡಿನ ಬಿಸುಪು

ಮೊದಲ ಸಲ ಮೊಟ್ಟೆಯಿಡಲಿದ್ದ ಪಿಕಳಾರ ಹಕ್ಕಿ, ಯಾರ ಗೂಡಿನಂತೆ ಕಟ್ಟಿದರೆ ಹೆಚ್ಚು ಬೆಚ್ಚಗಿರುತ್ತದೆ ಎಂದು ಕಾಗೆಯನ್ನೂ ಗೀಜಗವನ್ನೂ ಕೇಳಿತು.

"ನನ್ನ ಗೂಡಿನಂತೆ ಕಟ್ಟು. ನಾನು ಎದ್ದುಹೋದರೂ ಮೊಟ್ಟೆ ಆರುವುದಿಲ್ಲ," ಎಂದಿತು ಕಾಗೆ.

"ನನ್ನ ಮೊಟ್ಟೆ ಅದಕ್ಕಿಂತ ಬಿಸಿ," ಎಂದಿತು ಗೀಜಗ.

"ಮುಟ್ಟಿ ನೋಡಿದ್ದು ಯಾವಾಗ?" ಎಂದು ಕೇಳಿತು ಪಿಕಳಾರ.

"ನಡುಮಧ್ಯಾಹ್ನ," ಎಂದಿತು ಕಾಗೆ.

"ಕಾವು ಬಿಟ್ಟು ಎದ್ದ ಕೂಡಲೇ," ಎಂದಿತು ಗೀಜಗ.

"ಹಾಗಾದರೆ ಕಾಗಕ್ಕ, ನೀನು ಅಳೆದದ್ದು ಬಿಸಿಲನ್ನು. ಗೀಜಗಕ್ಕ, ನೀನು ಅಳೆದದ್ದು ನಿನ್ನ ಹೊಟ್ಟೆಯ ಕಾವನ್ನು. ಗೂಡನ್ನು ಇಬ್ಬರೂ ಅಳೆದಿಲ್ಲ. ನಾಳೆ ಸೂರ್ಯ ಹುಟ್ಟುವ ಮುಂಚೆ ಇಬ್ಬರೂ ಒಟ್ಟಿಗೇ ಎದ್ದುಹೋಗಿ. ಸ್ವಲ್ಪ ಹೊತ್ತು ಬಿಟ್ಟು ನಾನೇ ಮುಟ್ಟಿ ನೋಡುತ್ತೇನೆ."

ಇಬ್ಬರೂ ಧಾರಾಳವಾಗಿ ಒಪ್ಪಿದರು. ಆದರೆ ಆ ಸಂಜೆ ಕಾಗೆ ತೆಂಗಿನ ನಾರು ಕಚ್ಚಿಕೊಂಡು ಮೂರು ಸಲ ಗೂಡಿಗೆ ಹಾರಿತು. ಗೀಜಗ ಯಾರಿಗೂ ಹೇಳದೆ, ತನ್ನ ಗೂಡಿನ ತೂತುಗಳನ್ನು ಹುಲ್ಲೆಳೆಯಿಂದ ಹೆಣೆದು ಮುಚ್ಚುತ್ತಾ ಕುಳಿತಿತು.