ರಾಜಮಾತೆಯ ಕಣ್ಣು, ಲಿಪಿಕಾರನ ಗಿಣಿ

"ನನ್ನ ಓಲೆಯಲ್ಲಿ ಒಂದು ಕೊಂಬು ಆಚೀಚೆ ಆದರೂ ಗ್ರಂಥ ಸತ್ತಂತೆಯೇ ಸರಿ!" ಎಂದು ಲಿಪಿಕಾರ ಸಿಂಗಣಾರ್ಯ ತುಂಬಿದ ಸಭೆಯಲ್ಲಿ ಎದೆಯುಬ್ಬಿಸಿದ.

ಹೊಂಬಳಿಯ ದೊರೆ ಮಲ್ಲಿದೇವ ತಲೆದೂಗಿದ. ತೀರಿಹೋದ ತಂದೆ ಹೇಳುತ್ತಿದ್ದ ಕತೆಗಳನ್ನೆಲ್ಲ ಅವನು ಸಿಂಗಣಾರ್ಯನಿಂದ ಓಲೆಗರಿಯ ಮೇಲೆ ಬರೆಸಿದ್ದ. ಮೂವತ್ತೆರಡು ಗರಿ, ಗರಿಗೆ ಹನ್ನೆರಡು ಸಾಲು, ಸಾಸಿವೆ ಕಾಳಿನಂಥ ಅಕ್ಷರ. ಪ್ರತಿ ಕತೆಯ ತಲೆಯ ಮೇಲೊಂದು ಗಿಣಿಯ ಚಿತ್ರ, ಗರಿಯ ಸುತ್ತ ಬಳ್ಳಿಯ ಅಂಚು.

"ನೀನು ಬರೆದದ್ದನ್ನು ನಿನ್ನ ಒಪ್ಪಿಗೆಯಿಲ್ಲದೆ ಯಾರೂ ಬದಲಿಸುವಂತಿಲ್ಲ," ಎಂದು ದೊರೆ ಸಭೆಯಲ್ಲೇ ಮಾತು ಕೊಟ್ಟುಬಿಟ್ಟ. ದೊರೆಗಳಿಗೆ ಮಾತು ಕೊಡುವುದೆಂದರೆ ವೀಳ್ಯ ಕೊಟ್ಟಷ್ಟೇ ಸಲೀಸು.

ಗ್ರಂಥ ರಾಜಮಾತೆ ಹೊನ್ನಲಾದೇವಿಯ ಕೈಸೇರಿತು. ಆಕೆ ಗರಿಯನ್ನು ಹತ್ತಿರ ಹಿಡಿದಳು, ದೂರ ಹಿಡಿದಳು, ಬಿಸಿಲಿಗೆ ಹಿಡಿದಳು.

"ಮಗಾ, ಇಲ್ಲಿ ಇರುವೆ ಸಾಲು ಹೊರಟಿದೆಯಲ್ಲೋ. ನಿಮ್ಮಪ್ಪನ ಕತೆ ಎಲ್ಲಿ?"

"ಅದೇ ಕತೆ ಅಮ್ಮ. ಕಾಣದಿದ್ದರೆ ಆಸ್ಥಾನದವರಿಂದ ಓದಿಸಿ ಕೇಳು."

"ಅವರು ಗಂಟಲು ಸರಿಮಾಡಿಕೊಂಡು ಗಡಗಡ ಓದಿ ಮುಗಿಸ್ತಾರೆ. ನನಗೆ ಬೇಕಾದಲ್ಲಿ ನಿಲ್ಲಬೇಕು, ಬೇಕಾದ ಮಾತನ್ನ ಹತ್ತು ಸಲ ಓದಬೇಕು. ಇರೋ ಅಷ್ಟು ಕಣ್ಣೂ ಮಂಜಾಗ್ತಿದೆ. ಇನ್ನೊಂದು ವರ್ಷ ಹೋದರೆ ಏನೂ ಕಾಣಲ್ಲ," ಎನ್ನುತ್ತ ಮುದುಕಿ ಅತ್ತೇಬಿಟ್ಟಳು.

ದೊರೆ ತಾಯಿಯ ಕಣ್ಣೊರೆಸಿದ. ಸಿಂಗಣಾರ್ಯನನ್ನು ಕರೆಸಿ, "ಅಕ್ಷರ ದೊಡ್ಡದು ಮಾಡಿ ಇನ್ನೊಂದು ಸಲ ಬರೆದುಕೊಡಯ್ಯಾ," ಎಂದ.

"ಅಕ್ಷರ ದೊಡ್ಡದಾದರೆ ಸಾಲು ಒಡೆಯುತ್ತದೆ. ಸಾಲು ಒಡೆದರೆ ಗರಿಯ ಅಂದ ಕೆಡುತ್ತದೆ. ಕಣ್ಣಿಗೆ ತಕ್ಕ ಗ್ರಂಥವಲ್ಲ ಪ್ರಭು, ಗ್ರಂಥಕ್ಕೆ ತಕ್ಕ ಕಣ್ಣಿರಬೇಕು. ತಾವು ಮಾತು ಬೇರೆ ಕೊಟ್ಟಿದ್ದೀರಿ."

ದೊರೆಗೆ ಬಿಸಿತುಪ್ಪ ಬಾಯಿಗೆ ಬಿದ್ದಂತಾಯಿತು, ಉಗುಳುವಂತಿಲ್ಲ, ನುಂಗುವಂತಿಲ್ಲ. ಆಸ್ಥಾನದ ವಿದೂಷಕ ಬಂಕಣ್ಣನತ್ತ ತಿರುಗಿದ. "ನನ್ನ ಮಾತೂ ಉಳಿಯಬೇಕು, ಅಮ್ಮ ಓದಲೂಬೇಕು. ಇವನು ತಾನಾಗಿಯೇ ಒಪ್ಪಬೇಕು. ಮಾಡು ನೋಡೋಣ!"

ಮುದುಕಿಯ ಅಳು ಕಂಡು ಬಂಕಣ್ಣನಿಗೂ ಸಂಕಟವಾಗಿತ್ತು. ಆದರೂ ನಗುನಗುತ್ತಲೇ ಕೈಮುಗಿದ. "ಮೊದಲು ಊಟವಾಗಲಿ ಪ್ರಭು. ನಾಳೆ ಮಧ್ಯಾಹ್ನ ಇಬ್ಬರೂ ನಮ್ಮ ಮನೆಗೆ ಬನ್ನಿ."

ಊಟದ ಕರೆ ಬಂದರೆ ಬೆಳಗಿನಿಂದಲೇ ಹೊಟ್ಟೆ ಖಾಲಿ ಇಟ್ಟುಕೊಳ್ಳುವ ಆಸಾಮಿ ಸಿಂಗಣಾರ್ಯ. ಹೇಳಿದ ಹೊತ್ತಿಗಿಂತ ಮುಂಚೆಯೇ ಬಂದು ಮಣೆ ಹಿಡಿದು ಕೂತ. ಆಮೇಲೆ ದೊರೆಯೂ ಬಂದು ಪಕ್ಕದ ಮಣೆಯಲ್ಲಿ ಕೂತ.

ಬಂಕಣ್ಣನ ಹೆಂಡತಿ ನಾಗವ್ವ ರಂಗೋಲಿ ಬಿಟ್ಟ ಹಾಗೆ ಬಡಿಸಿದಳು. ಬಾಳೆಲೆಯ ತುದಿಗೆ ಉಪ್ಪು, ಪಕ್ಕದಲ್ಲಿ ಉಪ್ಪಿನಕಾಯಿ, ಆಮೇಲೆ ಕೋಸಂಬರಿ, ಪಲ್ಯ, ಬಲಗಡೆ ಪಾಯಸ. ನಡುವೆ ಅಡಿಕೆಯಷ್ಟು ಅನ್ನ, ಪುಟ್ಟ ದೊನ್ನೆಯಲ್ಲಿ ಎರಡೇ ತೊಟ್ಟು ಹುಳಿ.

ಸಿಂಗಣಾರ್ಯ ಹುಳಿಯನ್ನು ಅನ್ನಕ್ಕೆ ಸುರಿಯಹೋದ.

"ಅಯ್ಯಯ್ಯೋ, ಕೈ ತೆಗೀರಿ!" ಎಂದು ನಾಗವ್ವ ಕೂಗಿದಳು. "ಕಲಸಿದರೆ ನಾನು ಬಡಿಸಿದ ಅಂದ ಕೆಡ್ತದೆ!"

"ಮತ್ತೆ ಊಟ ಮಾಡೋದು ಹೇಗಮ್ಮ? ಇನ್ನಷ್ಟು ಅನ್ನವಾದರೂ ಹಾಕು."

"ಇನ್ನಷ್ಟು ಹಾಕಿದರೆ ಪಲ್ಯದ ಸಾಲು ಒಡೀತದೆ. ಹೊಟ್ಟೆಗೆ ತಕ್ಕ ಎಲೆ ಅಲ್ಲ ಸ್ವಾಮಿ, ಎಲೆಗೆ ತಕ್ಕ ಹೊಟ್ಟೆ ಇರಬೇಕು."

ಸಿಂಗಣಾರ್ಯನಿಗೆ ಸಿಟ್ಟು ನೆತ್ತಿಗೇರಿತು. "ಹಸಿವು ನನ್ನದು! ಎಷ್ಟು ಅನ್ನ, ಎಷ್ಟು ಹುಳಿ ಅಂತ ಹೇಳಬೇಕಾದವನು ನಾನು, ನೀನಲ್ಲ!"

"ರಾಜಮಾತೆಯೂ ಅದನ್ನೇ ಅಲ್ಲವೆ ಕೇಳಿದ್ದು?" ಎಂದ ಬಂಕಣ್ಣ ಮೆಲ್ಲಗೆ.

ದೊರೆ ತೊಡೆ ತಟ್ಟಿ ನಕ್ಕ. "ಸಿಕ್ಕಿಬಿದ್ದೆ! ಇನ್ನು ಬಡಿಸುವವರ ಮಾತೇ ಇಲ್ಲ, ಎಲ್ಲ ಉಣ್ಣುವವರ ಇಷ್ಟ. ಗಿಣಿಯೂ ಬೇಡ, ಅಂಚೂ ಬೇಡ, ಕತೆಗಳನ್ನೆಲ್ಲ ಒಟ್ಟಿಗೆ ಸೇರಿಸಿ ಬರೆಸುತ್ತೇನೆ!"

ನಾಗವ್ವ ತಡಮಾಡಲಿಲ್ಲ. ದೊರೆಯ ಎಲೆಯಲ್ಲಿದ್ದ ಉಪ್ಪಿನಕಾಯಿಯ ಮೇಲೆ ಪಾಯಸ ಹುಯ್ದು, ಅದರ ಮೇಲೆ ಮಜ್ಜಿಗೆ ಸುರಿದಳು.

"ಏನಿದು!"

"ಅಪ್ಪಣೆ ಪ್ರಭು, ಎಲ್ಲ ಒಟ್ಟಿಗೆ," ಎಂದ ಬಂಕಣ್ಣ. "ಉಪ್ಪು ತುದಿಗೆ, ಪಾಯಸ ಬಲಕ್ಕೆ. ಅದು ಬಡಿಸುವವರ ಮರ್ಯಾದೆ, ಅದನ್ನು ಕೆಡಿಸಬಾರದು. ಎಷ್ಟು ಕಲಸಬೇಕು, ತುತ್ತು ಎಷ್ಟು ದೊಡ್ಡದಿರಬೇಕು ಅನ್ನೋದು ಉಣ್ಣುವವರ ಹಕ್ಕು, ಅದನ್ನು ಕಸಿಯಬಾರದು. ಗಿಣಿ, ಅಂಚು, ಕತೆಯ ಸರದಿ ಸಿಂಗಣಾರ್ಯರ ಇಷ್ಟದಂತಿರಲಿ. ಅಕ್ಷರದ ಗಾತ್ರ ಮಾತ್ರ ಓದುವ ತಾಯಿಯ ಇಷ್ಟ. ಏನಂತೀರಿ ಸ್ವಾಮಿ?"

ಹಸಿದ ಹೊಟ್ಟೆಗೆ ನ್ಯಾಯ ಬೇಗ ತಿಳಿಯುತ್ತದೆ. ಸಿಂಗಣಾರ್ಯ ಅನ್ನದ ಪಾತ್ರೆಯನ್ನೊಮ್ಮೆ ನೋಡಿ, "ಒಪ್ಪಿದೆ, ಬಡಿಸಮ್ಮ," ಎಂದ.

ಎರಡು ತಿಂಗಳಲ್ಲಿ ಮೂವತ್ತೆರಡು ಗರಿ ನೂರಾ ನಲವತ್ತಾಯಿತು. ಅಕ್ಷರಗಳು ಕಡಲೆಕಾಳಿನಷ್ಟಾದವು. ಗಿಣಿಗಳು ಮಾತ್ರ ತಂತಮ್ಮ ಕತೆಯ ತಲೆಯ ಮೇಲೆ ಹಾಯಾಗಿ ಕೂತಿದ್ದವು.

ರಾಜಮಾತೆ ಓದತೊಡಗಿದಳು. ಒಂದು ಕಡೆ ನಿಂತಳು, ಮತ್ತೆ ಓದಿದಳು, ತನ್ನಷ್ಟಕ್ಕೆ ನಕ್ಕಳು. ಹೊಗಳಿಕೆಗೆ ಕಾದು ಕಾದು ಸಾಕಾಗಿ ಸಿಂಗಣಾರ್ಯ ಕೇಳಿಯೇಬಿಟ್ಟ: "ತಾಯಿ, ನನ್ನ ಅಕ್ಷರ ಹೇಗಿದೆ?"

ಆಕೆ ತಲೆಯೆತ್ತಲಿಲ್ಲ. "ಸ್ವಲ್ಪ ಸುಮ್ಮನಿರಪ್ಪ, ಅವರು ಮಾತಾಡ್ತಿದ್ದಾರೆ."

ಸಿಂಗಣಾರ್ಯನ ಮುಖ ಚಿಕ್ಕದಾಯಿತು. "ನೋಡಿದೆಯಾ ಬಂಕಣ್ಣ? ಇಷ್ಟು ಕಷ್ಟಪಟ್ಟು ಬರೆದೆ. ಆಕೆಗೆ ನನ್ನ ಅಕ್ಷರವೇ ಕಾಣಲಿಲ್ಲ!"

"ಮೊದಲ ಸಲ ಆಕೆಗೆ ಕಂಡದ್ದು ಬರೀ ಅಕ್ಷರ ಸ್ವಾಮಿ, ಅತ್ತಳು," ಎಂದ ಬಂಕಣ್ಣ. "ಈ ಸಲ ಗಂಡನೇ ಕಂಡ. ನಿಮ್ಮ ಕೈಗೆ ಇನ್ನೆಂಥ ಬಿರುದು ಬೇಕು?"

ದೊರೆ ಕಣ್ಣೊರೆಸಿಕೊಳ್ಳುತ್ತಲೇ ನಕ್ಕು, ತನ್ನ ಕೈಯ ಎರಡು ಚಿನ್ನದ ತೋಡಾಗಳನ್ನು ಕಳಚಿ ಇಬ್ಬರಿಗೂ ಒಂದೊಂದು ತೊಡಿಸಿದ.